ಹಳೇ ರಾಕ್ ರೆಕಾರ್ಡಿನ ಕವರ್ ಓದುವುದು ಹೇಗೆ

ಹಳೇ ರಾಕ್ ಎಲ್‌ಪಿ, ಅಂದರೆ ತಟ್ಟೆಯಂಥ ದೊಡ್ಡ ಕಪ್ಪು ರೆಕಾರ್ಡ್, ಕೈಗೆ ಸಿಕ್ಕರೆ ತಕ್ಷಣ ಪ್ಲೇಯರ್ ಮೇಲೆ ಇಡಬೇಡಿ. ಮೊದಲು ಕವರ್ ತಿರುಗಿಸಿ. ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಅಚ್ಚಾಗಿರುತ್ತದೆ. ಗಿಟಾರ್ ಯಾರು ನುಡಿಸಿದರು, ಯಾವ ಸ್ಟುಡಿಯೋ, ಯಾರಿಗೆಲ್ಲ ಥ್ಯಾಂಕ್ಸ್, ಮಧ್ಯೆ ಒಂದು ತಮಾಷೆ, ಕೆಲವು ಸಲ ಪುಟದಷ್ಟು ಉದ್ದದ ಕಥೆ. ಇವನ್ನೇ ಲೈನರ್ ನೋಟ್ಸ್ ಅನ್ನುತ್ತಾರೆ. ರೆಕಾರ್ಡ್ ಇಡುವ ಒಳಗಿನ ಕಾಗದದ ಚೀಲದ ಮೇಲೂ ಇರುತ್ತವೆ. ಕ್ಯಾಸೆಟ್ ಆದರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ. ಫೋನಿನಲ್ಲಿ ಹಾಡು ಕೇಳುವವರಿಗೆ ಇದು ಯಾವುದೂ ಕಣ್ಣಿಗೇ ಬೀಳುವುದಿಲ್ಲ, ಅದು ನನ್ನ ಪ್ರಕಾರ ದೊಡ್ಡ ನಷ್ಟ. ಯಾಕೆಂದರೆ ಆ ಸಣ್ಣ ಅಕ್ಷರ ಓದಿದ ಮೇಲೆ ಅದೇ ಹಾಡು ಬೇರೆ ಥರ ಕೇಳಿಸುತ್ತದೆ. ಯಾವ ಸದ್ದು ಯಾರದ್ದು ಅಂತ ಕಿವಿ ತಾನಾಗೇ ಹುಡುಕುತ್ತದೆ. ರಾಮನವಮಿ ಕಚೇರಿಗೆ ಹೋದರೆ ಪಿಟೀಲು ಯಾರದ್ದು, ಮೃದಂಗ ಯಾರದ್ದು ಅಂತ ಕೇಳಿಕೊಂಡೇ ಕೂರುತ್ತೇವೆ, ಅಲ್ವಾ? ಇಲ್ಲೂ ಹಾಗೇ ಕೂರಬೇಕು.

ನಮ್ಮ ಕೋಲಾರದ ಕಡೆ ಇಂಥ ರೆಕಾರ್ಡ್ ಎಲ್ಲಿ ಸಿಗುತ್ತದೆ ಅಂತ ಕೇಳಬಹುದು. ಕೋಲಾರ ಪೇಟೆಯಲ್ಲಿ ಹುಡುಕುವುದಕ್ಕಿಂತ ಕೆಜಿಎಫ್ ಕಡೆ ಹೋಗಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಬ್ರಿಟಿಷರಿದ್ದರು, ಆಂಗ್ಲೋ ಇಂಡಿಯನ್ ಕುಟುಂಬಗಳಿದ್ದವು, ಕ್ಲಬ್ ಇತ್ತು, ಡ್ಯಾನ್ಸ್ ಇತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು. 2001ರಲ್ಲಿ ಗಣಿ ಮುಚ್ಚಿತು, ಎಷ್ಟೋ ಜನ ಊರು ಬಿಟ್ಟರು, ಸಾಮಾನು ಮಾತ್ರ ಅಲ್ಲಲ್ಲೇ ಉಳಿಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಹಳೇ ಸಾಮಾನು ಕೊಳ್ಳುವವರನ್ನು ವಿಚಾರಿಸಿ. ಅದಕ್ಕಿಂತ ಮೊದಲು ಆ ಊರಿನಲ್ಲಿ ಪರಿಚಯದ ಹಿರಿಯರಿದ್ದರೆ ಅವರ ಮನೆಗೆ ಹೋಗಿ, ಅಟ್ಟದ ಮೇಲೆ ಏನಾದರೂ ಇದೆಯಾ ಅಂತ ಕೇಳಿ. ಕೊಡದಿದ್ದರೂ ನೋಡಲು ಬಿಡುತ್ತಾರೆ, ಓದುವುದಕ್ಕೆ ಅಷ್ಟು ಸಾಕು. ಬೆಂಗಳೂರಿಗೆ ಹೋಗುವವರಾದರೆ ಭಾನುವಾರ ಬೆಳಗ್ಗೆ ಸಂಡೆ ಬಜಾರ್ ಒಂದು ಸುತ್ತು ಹಾಕಿ.

ಪ್ಲೇಯರ್ ಇಲ್ಲ ಅನ್ನುವವರೂ ಬಿಡಬೇಡಿ. ಡಿಸ್ಕಾಗ್ಸ್ ಅನ್ನುವ ಜಾಲತಾಣದಲ್ಲಿ ಒಂದೊಂದು ಆಲ್ಬಮ್ಮಿನ ಬೇರೆ ಬೇರೆ ದೇಶದ ಮುದ್ರಣಗಳ ವಿವರ ಇರುತ್ತದೆ. ಹಿಂಬದಿ, ಒಳಚೀಲ, ಲೇಬಲ್ ಇವುಗಳ ಫೋಟೋಗಳನ್ನೂ ಜನ ಹಾಕಿರುತ್ತಾರೆ. ಫೋಟೋ ದೊಡ್ಡದು ಮಾಡಿಕೊಂಡು ಓದಿ, ಹಾಡು ಫೋನಿನಲ್ಲಿ ಕೇಳಿ. ಆದರೂ ಹನ್ನೆರಡು ಇಂಚಿನ ಕವರ್ ಮಡಿಲಲ್ಲಿಟ್ಟು ಓದುವ ಖುಷಿ ಪರದೆ ಮೇಲೆ ಸಿಗಲ್ಲ, ಅದನ್ನು ಹೇಳಲೇಬೇಕು.

ಕೊಳ್ಳುವಾಗ ಒಂದು ಮಾತು ನೆನಪಿರಲಿ. ನಮ್ಮಲ್ಲಿ ಸಿಗುವ ಬೀಟಲ್ಸ್, ಕ್ವೀನ್, ಪಿಂಕ್ ಫ್ಲಾಯ್ಡ್ ರೆಕಾರ್ಡುಗಳು ಹೆಚ್ಚಾಗಿ ಕೋಲ್ಕತ್ತದ ಡಮ್ ಡಮ್‌ನಲ್ಲಿದ್ದ ಗ್ರಾಮಫೋನ್ ಕಂಪನಿ ಕಾರ್ಖಾನೆಯಲ್ಲಿ ಅಚ್ಚಾದವು. ಇಂಗ್ಲೆಂಡಿನಲ್ಲಿ ಪುಸ್ತಕದ ಥರ ತೆರೆಯುವ ಕವರ್ ಇದ್ದದ್ದು ಇಲ್ಲಿ ಒಂಟಿ ಕವರ್ ಆಗಿರಬಹುದು. ಅಚ್ಚಾದ ಒಳಚೀಲದ ಬದಲು ಬಿಳಿ ಚೀಲ ಇರಬಹುದು. ಹಾಗಿದ್ದರೆ ಓದುವ ಸರಕು ಅರ್ಧ ಕಳೆದುಹೋಗಿದೆ ಅಂತ ಅರ್ಥ. ಉಳಿದದ್ದನ್ನು ಆ ಜಾಲತಾಣದಲ್ಲಿ ನೋಡಿ ತುಂಬಿಕೊಳ್ಳಿ. ಅಂಗಡಿಯಲ್ಲೇ ಕವರಿನೊಳಗೆ ಕೈ ಹಾಕಿ ನೋಡಿ, ಚೀಲ, ಪೋಸ್ಟರ್, ಸ್ಟಿಕರ್ ಏನಾದರೂ ಇದೆಯಾ ಅಂತ. ಪಿಂಕ್ ಫ್ಲಾಯ್ಡಿನ 1973ರ ದ ಡಾರ್ಕ್ ಸೈಡ್ ಆಫ್ ದ ಮೂನ್ ಜೊತೆ ಇಂಗ್ಲೆಂಡಿನಲ್ಲಿ ಪೋಸ್ಟರು, ಸ್ಟಿಕರು ಎರಡೂ ಕೊಟ್ಟಿದ್ದರು.

ಈಗ ಓದುವ ಕ್ರಮಕ್ಕೆ ಬರೋಣ. ಎಲ್‌ಪಿಯ ಒಂದು ಬದಿ ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ಮೊದಲ ಬದಿ ಓಡುವಾಗ ಏನೂ ಓದಬೇಡಿ, ಸುಮ್ನೆ ಕೇಳಿ. ಆಮೇಲೆ ಕವರ್ ಹಿಡಿದು ಕೂತು ಅದೇ ಬದಿಯನ್ನು ಮತ್ತೆ ಹಾಕಿ. ಮೊದಲು ನೋಡಬೇಕಾದದ್ದು ಯಾರು ಏನು ನುಡಿಸಿದರು ಅನ್ನುವ ಸಾಲು. ಅಲ್ಲಿ ಬ್ಯಾಂಡಿನವರ ಹಟ, ಹೆಮ್ಮೆ, ಜಗಳ ಎಲ್ಲ ಇರುತ್ತದೆ.

ಕ್ವೀನ್ ಬ್ಯಾಂಡನ್ನೇ ತೆಗೆದುಕೊಳ್ಳಿ. 1973ರ ಅವರ ಮೊದಲ ಆಲ್ಬಮ್ಮಿನ ಹಿಂದೆ, ಯಾರೂ ಸಿಂಥಸೈಜರ್ (ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯ) ನುಡಿಸಿಲ್ಲ ಅಂತ ಬರೆದುಕೊಂಡರು. 1975ರ ಎ ನೈಟ್ ಅಟ್ ದಿ ಒಪೆರಾದಲ್ಲೂ ಅದೇ ಮಾತು, ಸಿಂಥಸೈಜರ್ ಇಲ್ಲ ಅಂತ. ಯಾಕೆ ಇಷ್ಟು ಒತ್ತಿ ಹೇಳಬೇಕಿತ್ತು? ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ಗಿಟಾರನ್ನು ಪದರದ ಮೇಲೆ ಪದರ ರೆಕಾರ್ಡ್ ಮಾಡುತ್ತಿದ್ದರು, ಕೇಳಿದವರಿಗೆ ಅದು ಯಂತ್ರದ ಸದ್ದು ಅನ್ನಿಸುತ್ತಿತ್ತು. ಆ ಗಿಟಾರ್ ಅವರು ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಿದ್ದು, ಅದರ ಕತ್ತಿಗೆ ಹಾಕಿದ್ದು ಹಳೇ ಬೆಂಕಿಗೂಡಿನ ಮರ. ಮೀಟುವುದು ಆರು ಪೆನ್ಸ್ ನಾಣ್ಯದಲ್ಲಿ. ಇಷ್ಟು ತಿಳಿದುಕೊಂಡು ಆ 1975ರ ಆಲ್ಬಮ್ಮಿನ ಗುಡ್ ಕಂಪನಿ ಹಾಡು ಕೇಳಿ. ಹಳೇ ಜಾಝ್ ಬ್ಯಾಂಡ್ ಬಂದು ಕೂತಂತೆ ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್ ಎಲ್ಲ ಕೇಳಿಸುತ್ತವೆ. ಅವೆಲ್ಲ ಆ ಮನೆಯಲ್ಲಿ ಮಾಡಿದ ಗಿಟಾರೇ! ಕವರಿನ ಆ ಒಂದು ಸಾಲು ಓದದಿದ್ದರೆ ನೀವು ತುತ್ತೂರಿ ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ.

ಅಲ್ಲಿಗೇ ನಿಲ್ಲಬೇಡಿ. 1980ರ ದ ಗೇಮ್ ತೆಗೆಯಿರಿ. ಕ್ವೀನ್ ಆಲ್ಬಮ್ಮಿನಲ್ಲಿ ಮೊದಲ ಬಾರಿಗೆ ಸಿಂಥಸೈಜರ್ ಬಂದಿದೆ, ಅದು ಓಬರ್‌ಹೈಮ್ ಓಬಿಎಕ್ಸ್ ಅಂತ ಕವರಿನಲ್ಲೇ ಹೇಳಿದ್ದಾರೆ. ವರ್ಷಗಟ್ಟಲೆ ಬೇಡ ಅಂದವರು ಬೇಕು ಅಂದಾಗಲೂ ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆ ನನಗೆ ತುಂಬ ಇಷ್ಟ. ಒಂದು ಬ್ಯಾಂಡಿನ ಕವರುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟು ಓದಿದರೆ ಹೀಗೆ ಒಂದು ಕಥೆ ಸಿಗುತ್ತದೆ. ಇಂಥ ಹಟ ಆಮೇಲೂ ನಿಲ್ಲಲಿಲ್ಲ, 1992ರಲ್ಲಿ ರೇಜ್ ಅಗೇನ್ಸ್ಟ್ ದ ಮಷೀನ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ಕತ್ತರಿಸಿ ತಂದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದೂ ಬಳಸಿಲ್ಲ ಅಂತ ಬರೆದರು. ಅದನ್ನು ಓದಿ ಆ ಬ್ಯಾಂಡಿನ ಟಾಮ್ ಮೊರೆಲ್ಲೊ ಗಿಟಾರ್ ಕೇಳಬೇಕು, ಇದು ಗಿಟಾರಾ ಅಂತ ಬಾಯಿ ಬಿಡುತ್ತೀರಿ.

ಹೆಸರುಗಳಲ್ಲಿ ವೇಷ ಹಾಕಿದವರೂ ಇರುತ್ತಾರೆ, ಅವರನ್ನು ಹಿಡಿಯುವುದು ಒಂದು ಆಟ. ಕ್ರೀಮ್ ಬ್ಯಾಂಡಿನ 1969ರ ಗುಡ್‌ಬೈ ಆಲ್ಬಮ್ಮಿನಲ್ಲಿ ಬ್ಯಾಡ್ಜ್ ಅನ್ನುವ ಹಾಡಿದೆ. ಅದರಲ್ಲಿ ಗಿಟಾರ್ ನುಡಿಸಿದವರು ಲಾಂಜೆಲೊ ಮಿಸ್ಟೀರಿಯೊಸೊ ಅಂತ ಅಚ್ಚಾಗಿದೆ. ನಿಗೂಢ ದೇವದೂತ! ಅದು ಬೀಟಲ್ಸಿನ ಜಾರ್ಜ್ ಹ್ಯಾರಿಸನ್. ಅವರು ಬೇರೆ ಕಂಪನಿಯ ಕಲಾವಿದರಾಗಿದ್ದರು, ಒಪ್ಪಂದದ ಕಾರಣ ಹೆಸರು ಹಾಕುವಂತಿರಲಿಲ್ಲ. 1974ರಲ್ಲಿ ಎಲ್ಟನ್ ಜಾನ್ ಬೀಟಲ್ಸಿನ ಒಂದು ಹಾಡನ್ನು ಮತ್ತೆ ಹಾಡಿದಾಗ ಅದರಲ್ಲಿ ಡಾಕ್ಟರ್ ವಿನ್‌ಸ್ಟನ್ ಓ ಬೂಗಿ ಅನ್ನುವವರು ಜೊತೆಗಿದ್ದರು. ಅದು ಬೀಟಲ್ಸಿನವರೇ ಆದ ಜಾನ್ ಲೆನನ್. ವಿಚಿತ್ರವಾದ ಹೆಸರು ಕಂಡರೆ ಅಡಿಗೆರೆ ಹಾಕಿಕೊಳ್ಳಿ, ಹಿಂದೆ ಸಾಮಾನ್ಯವಾಗಿ ದೊಡ್ಡವರೊಬ್ಬರು ಇರುತ್ತಾರೆ. ಅಡಿಗೆರೆ ನಿಮ್ಮ ನೋಟ್‌ಬುಕ್ಕಿನಲ್ಲಿ, ಕವರಿನ ಮೇಲೆ ಖಂಡಿತ ಬೇಡ.

ಹೆಸರೇ ಇಲ್ಲದೆ ಬರೀ ಗುರುತು ಹಾಕಿದ್ದೂ ಇದೆ. 1971ರಲ್ಲಿ ಬಂದ ಲೆಡ್ ಜೆಪ್ಪೆಲಿನ್ ನಾಲ್ಕನೇ ಆಲ್ಬಮ್ಮಿನ ಹೊರಗಡೆ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಒಳಗೆ ನಾಲ್ಕು ಜನಕ್ಕೆ ನಾಲ್ಕು ಚಿಹ್ನೆ, ಅಷ್ಟೇ. ಒಳಚೀಲದಲ್ಲಿ ಹುಡುಕಿದರೆ ಐದನೆಯದೊಂದು ಸಿಗುತ್ತದೆ, ಮೂರು ತ್ರಿಕೋನಗಳು. ಅದು ದ ಬ್ಯಾಟಲ್ ಆಫ್ ಎವರ್‌ಮೋರ್ ಹಾಡಿಗೆ ದನಿ ಕೊಟ್ಟ ಸ್ಯಾಂಡಿ ಡೆನ್ನಿಯದು. ಅತಿಥಿಯಾಗಿ ಒಂದು ಹಾಡು ಹಾಡಿದವಳಿಗೂ ಮನೆಯವರ ಸಾಲಿನಲ್ಲೇ ಒಂದು ಗುರುತು ಕೊಟ್ಟರು. ಇನ್ನು ಜೆನೆಸಿಸ್ ಬ್ಯಾಂಡಿನ 1974ರ ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇಯಲ್ಲಿ ಬ್ರಯಾನ್ ಈನೊ ಅನ್ನುವ ಸಂಗೀತಗಾರ ಮಾಡಿದ ಕೆಲಸಕ್ಕೆ ಈನಾಸಿಫಿಕೇಷನ್ ಅಂತ ಹೊಸ ವಾದ್ಯದ ಥರ ಹೆಸರು ಹಾಕಿದ್ದಾರೆ. ಹಾಡುಗಾರನ ದನಿಯನ್ನು ಯಂತ್ರಕ್ಕೆ ಕೊಟ್ಟು ತಿರುಚಿದ್ದು ಅದು.

ಇಲ್ಲಿಂದ ಮುಂದಿನದು ಸ್ವಲ್ಪ ಕಷ್ಟದ ಓದು. ಕವರಿನ ಮೇಲೆ ಯಾರು ಇಲ್ಲ ಅಂತ ನೋಡಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಬೀಟಲ್ಸಿನ 1966ರ ರಿವಾಲ್ವರ್ ಕವರಿನಲ್ಲಿ ಲವ್ ಯೂ ಟು ಹಾಡಿಗೆ ತಬಲಾ ಅನಿಲ್ ಭಾಗವತ್ ಅಂತ ಅಚ್ಚಾಗಿದೆ. ನಮ್ಮ ದೇಶದ ಹೆಸರೊಂದನ್ನು ಅಲ್ಲಿ ನೋಡಿದಾಗ ಎಷ್ಟು ಸಂತೋಷ ಆಗುತ್ತದೆ ಅಂತ ಹೇಳಬೇಕಾಗಿಲ್ಲ. ಮರುವರ್ಷ, 1967ರಲ್ಲಿ, ಸಾರ್ಜೆಂಟ್ ಪೆಪ್ಪರ್ ಬಂತು. ಅದರ ವಿದಿನ್ ಯೂ ವಿದೌಟ್ ಯೂ ಹಾಡಿನಲ್ಲಿ ಕಮಾನು ಹಾಕಿ ನುಡಿಸುವ ದಿಲ್‌ರುಬಾ ಇದೆ, ತಬಲಾ ಇದೆ, ತಂಬೂರಿ ಇದೆ. ಹಾಡಿನ ಜೀವವೇ ಆ ನುಡಿಸಾಣಿಕೆ. ಲಂಡನ್ನಿನಲ್ಲಿದ್ದ ಭಾರತೀಯ ಕಲಾವಿದರು ನುಡಿಸಿದರು, ಆಗಿನ ಕವರಿನಲ್ಲಿ ಒಬ್ಬರ ಹೆಸರೂ ಇಲ್ಲ. ಒಂದೇ ಬ್ಯಾಂಡು, ಒಂದೇ ವರ್ಷದ ಅಂತರ. ಬೀಚ್ ಬಾಯ್ಸ್ ಬ್ಯಾಂಡಿನ 1966ರ ಪೆಟ್ ಸೌಂಡ್ಸ್ ಕೂಡ ಹೀಗೇ. ಹಾಡಿದ್ದು ಬ್ಯಾಂಡಿನವರು, ನುಡಿಸಿದ್ದು ಹೆಚ್ಚಾಗಿ ಲಾಸ್ ಏಂಜಲೀಸಿನ ಬಾಡಿಗೆ ವಾದ್ಯಗಾರರು. ಡ್ರಮ್ಸ್ ಹಾಲ್ ಬ್ಲೇನ್, ಬೇಸ್ ಕ್ಯಾರಲ್ ಕೇ, ಇಂಥವರು. ಹಳೇ ಕವರಿನಲ್ಲಿ ಅವರು ಇಲ್ಲ.

ಕೆಲವು ಸಲ ಹೆಸರು ಇರುತ್ತದೆ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಪಿಂಕ್ ಫ್ಲಾಯ್ಡಿನ ದ ಗ್ರೇಟ್ ಗಿಗ್ ಇನ್ ದ ಸ್ಕೈ ಹಾಡಿನಲ್ಲಿ ಮಾತೇ ಇಲ್ಲದೆ ಬರೀ ದನಿಯಲ್ಲಿ ಹಾಡಿದವಳು ಕ್ಲೇರ್ ಟಾರಿ. ಅವಳಿಗೆ ಸಿಕ್ಕಿದ್ದು 30 ಪೌಂಡು. ಗಾಯಕಿ ಅಂತ ಹೆಸರು ಹಾಕಿದರು, ರಚನೆ ಮಾತ್ರ ಬ್ಯಾಂಡಿನ ರಿಚರ್ಡ್ ರೈಟ್ ಒಬ್ಬರದ್ದೇ ಅಂತ ಇತ್ತು. ಆದರೆ ಆ ರಾಗ ಸ್ಟುಡಿಯೋದಲ್ಲಿ ನಿಂತು ಅವಳೇ ಕಟ್ಟಿದ್ದು. 2004ರಲ್ಲಿ ಅವಳು ಕೋರ್ಟಿಗೆ ಹೋದಳು, 2005ರಲ್ಲಿ ರಾಜಿಯಾಯಿತು. ಅಲ್ಲಿಂದ ಮುಂದಿನ ಮುದ್ರಣಗಳಲ್ಲಿ ರೈಟ್ ಪಕ್ಕದಲ್ಲಿ ಟಾರಿ ಹೆಸರೂ ಬಂತು. ಹಾಗಾಗಿ ಹಾಡಿನ ಹೆಸರಿನ ಕೆಳಗೆ ಅಥವಾ ಪಕ್ಕದಲ್ಲಿ ಸಣ್ಣದಾಗಿ ಇರುವ ರಚನಕಾರರ ಹೆಸರನ್ನು ಯಾವತ್ತೂ ಬಿಡಬೇಡಿ. ದುಡ್ಡು ಹೋಗುವುದು ಆ ಹೆಸರಿಗೆ. ಹಳೇ ಕವರ್, ಹೊಸ ಕವರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ ಎಂಜಿನಿಯರ್ ಹೆಸರನ್ನು ಯಾರೂ ಓದುವುದಿಲ್ಲ, ನೀವು ಓದಿ. ಗ್ಲಿನ್ ಜಾನ್ಸ್ ಅನ್ನುವ ಹೆಸರು ಹಿಡಿದುಕೊಂಡು ಹೋದರೆ ಲೆಡ್ ಜೆಪ್ಪೆಲಿನ್ ಮೊದಲ ಆಲ್ಬಂ, ರೋಲಿಂಗ್ ಸ್ಟೋನ್ಸಿನ ಲೆಟ್ ಇಟ್ ಬ್ಲೀಡ್, ದ ಹೂ ಬ್ಯಾಂಡಿನ ಹೂಸ್ ನೆಕ್ಸ್ಟ್, ಈಗಲ್ಸ್ ಮೊದಲ ಆಲ್ಬಂ ನಾಲ್ಕೂ ಸಿಗುತ್ತವೆ. 1969ರಿಂದ 1972ರ ಒಳಗೆ ಬಂದವು ಅವು. ಬ್ಯಾಂಡು ಬೇರೆ, ಡ್ರಮ್ಸಿನ ಸದ್ದಿನಲ್ಲಿ ಏನೋ ಒಂದು ನೆಂಟಸ್ತಿಕೆ ಇದೆ. ಕೇಳಿ ನೋಡಿ.

ಥ್ಯಾಂಕ್ಸ್ ಪಟ್ಟಿಯನ್ನು ಓದುವುದಕ್ಕಿಂತ ದಾರಿ ಹುಡುಕಲು ಬಳಸಿ. ಫ್ರಾಂಕ್ ಜಪ್ಪಾ ಅವರ ಬ್ಯಾಂಡು 1966ರ ಫ್ರೀಕ್ ಔಟ್ ಆಲ್ಬಮ್ಮಿನಲ್ಲಿ ತಮ್ಮ ಸಂಗೀತಕ್ಕೆ ನೆರವಾದವರು ಅಂತ 179 ಹೆಸರು ಅಚ್ಚು ಹಾಕಿಸಿತು. ಎಡ್ಗರ್ ವರೇಸ್ ಅನ್ನುವ ಸಂಗೀತಗಾರರ ಮಾತೊಂದನ್ನೂ ಕವರಿನಲ್ಲಿ ಹಾಕಿದ್ದರು. ಎಷ್ಟೋ ರಾಕ್ ಹುಡುಗರು ವರೇಸ್ ಹೆಸರು ಮೊದಲು ಕಂಡದ್ದೇ ಅಲ್ಲಿ. ನೀವೂ ಅಂಥ ಪಟ್ಟಿಯಿಂದ ಗೊತ್ತಿಲ್ಲದ ಒಂದು ಹೆಸರು ಆರಿಸಿ, ಹುಡುಕಿ, ಕೇಳಿ. ಇಷ್ಟವಾಗದಿದ್ದರೆ ಇನ್ನೊಂದು.

ಉದ್ದದ ಬರಹ ಇದ್ದರೆ? ಅದು ಯಾರು ಬರೆದದ್ದು ಅಂತ ಮೊದಲು ನೋಡಿ. ಬೀಟಲ್ಸಿನ ಮೊದಲ ಆಲ್ಬಮ್ಮಿಗೆ ಬರೆದ ಟೋನಿ ಬ್ಯಾರೊ ಆ ಬ್ಯಾಂಡಿನ ಪ್ರಚಾರದ ಕೆಲಸ ನೋಡುತ್ತಿದ್ದವರು, ಅದರಲ್ಲಿ ಸ್ವಲ್ಪ ಹೊಗಳಿಕೆ ಇದ್ದೇ ಇರುತ್ತದೆ. ಬಾಬ್ ಡಿಲನ್ ತಮ್ಮ ಕವರಿಗೆ ತಾವೇ ಬರೆದುಕೊಳ್ಳುತ್ತಿದ್ದರು, 1965ರ ಹೈವೇ 61 ರೀವಿಸಿಟೆಡ್‌ನಲ್ಲಿರುವುದು ಒಂದು ಹುಚ್ಚು ಗದ್ಯ. ಅದರಲ್ಲಿ ಅರ್ಥ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಜೋರಾಗಿ ಓದಿ, ಲಯ ಸಿಗುತ್ತದೆ, ಅದೇ ಲಯ ಹಾಡಿನಲ್ಲೂ ಇದೆ. ಡಿಲನ್ನರ 1969ರ ನ್ಯಾಶ್‌ವಿಲ್ ಸ್ಕೈಲೈನ್‌ಗೆ ಜಾನಿ ಕ್ಯಾಶ್ ಒಂದು ಪದ್ಯ ಬರೆದುಕೊಟ್ಟರು, ಅದಕ್ಕೆ ಗ್ರ್ಯಾಮಿ ಬಂತು. ಹೌದು, ಕವರ್ ಬರಹಕ್ಕೇ ಅಂತ ಒಂದು ಗ್ರ್ಯಾಮಿ ಇದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಜೆಥ್ರೊ ಟಲ್ ಬ್ಯಾಂಡಿನ 1972ರ ಥಿಕ್ ಆಸ್ ಎ ಬ್ರಿಕ್. ಅದರ ಕವರೇ 12 ಪುಟದ ಒಂದು ದಿನಪತ್ರಿಕೆ. ಸೇಂಟ್ ಕ್ಲೀವ್ ಅನ್ನುವ ಇಲ್ಲದ ಊರಿನ ಪತ್ರಿಕೆ. ಜೆರಾಲ್ಡ್ ಬಾಸ್ಟಾಕ್ ಅನ್ನುವ ಎಂಟು ವರ್ಷದ ಹುಡುಗ ಪದ್ಯ ಬರೆದು ಬಹುಮಾನ ಗೆದ್ದ, ಆಮೇಲೆ ಬಹುಮಾನ ಕಿತ್ತುಕೊಂಡರು ಅನ್ನುವುದು ಮುಖಪುಟದ ಸುದ್ದಿ. ಆ ಹುಡುಗನೂ ಇಲ್ಲ, ಬಹುಮಾನವೂ ಇಲ್ಲ, ಎಲ್ಲ ಬ್ಯಾಂಡಿನವರು ಕೂತು ಬರೆದದ್ದು. ಒಳಗೆ ಊರಿನ ಸಣ್ಣಪುಟ್ಟ ಸುದ್ದಿ, ಪದಬಂಧ, ಚುಕ್ಕಿ ಸೇರಿಸುವ ಚಿತ್ರ, ಎಲ್ಲ ಇದೆ. ಆಲ್ಬಂ ಪೂರ್ತಿ ಒಂದೇ ಹಾಡು, ಅದರ ಸಾಹಿತ್ಯವೂ ಪತ್ರಿಕೆಯ ಒಂದು ಪುಟದಲ್ಲೇ ಸೇರಿಕೊಂಡಿದೆ. ಸಂಗೀತಕ್ಕಿಂತ ಪತ್ರಿಕೆ ಮಾಡುವುದಕ್ಕೇ ಜಾಸ್ತಿ ದಿನ ಹಿಡಿಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಜಿಲ್ಲಾ ಪತ್ರಿಕೆ ಓದಿ ಬೆಳೆದ ನಮ್ಮಂಥವರಿಗೆ ಇದು ಬಹಳ ಬೇಗ ಹತ್ತಿರವಾಗುತ್ತದೆ. ಸಂತೆ, ಸನ್ಮಾನ, ತಾಲೂಕು ಕ್ರೀಡಾಕೂಟ, ಜಾಗದ ತಕರಾರು, ಆ ಪ್ರಪಂಚ ನಮಗೆ ಚೆನ್ನಾಗಿ ಗೊತ್ತು. ಇದನ್ನು ಒಂದೇ ಸಲ ಓದಿ ಮುಗಿಸಬೇಡಿ. ಮೊದಲ ಬದಿ ಓಡುವಾಗ ಮುಖಪುಟ, ಎರಡನೇ ಬದಿಗೆ ಸಾಹಿತ್ಯ, ಉಳಿದದ್ದು ಇನ್ನೊಂದು ದಿನ.

ಸಾಹಿತ್ಯ ಅಂದಾಗ ಸಾರ್ಜೆಂಟ್ ಪೆಪ್ಪರ್ ಬಗ್ಗೆ ಇನ್ನೂ ಒಂದು ಮಾತು. ಹಾಡುಗಳ ಪೂರ್ತಿ ಸಾಹಿತ್ಯ ಕವರಿನ ಹಿಂದೆ ಅಚ್ಚಾದ ಮೊದಲ ರಾಕ್ ಆಲ್ಬಂ ಅಂತ ಅದನ್ನೇ ಹೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಇದು ಎಷ್ಟು ದೊಡ್ಡ ಸಹಾಯ! ಹಾಡು ಕೇಳುತ್ತಾ ಬೆರಳಿಟ್ಟು ಸಾಲು ಸಾಲೇ ಹೋಗಿ, ನುಂಗಿದ ಅಕ್ಷರವೆಲ್ಲ ಹೊರಗೆ ಬರುತ್ತವೆ. ಮುಂಭಾಗದ ಜನಜಂಗುಳಿಯಲ್ಲಿ ಪರಮಹಂಸ ಯೋಗಾನಂದ, ಲಾಹಿರಿ ಮಹಾಶಯ ಇದ್ದಾರೆ, ಹುಡುಕಿ. ಗಾಂಧೀಜಿ ಚಿತ್ರವನ್ನೂ ಇಡಲು ಹೊರಟಿದ್ದರು. ಭಾರತದಲ್ಲಿ ಜನ ಬೇಸರ ಮಾಡಿಕೊಂಡಾರು ಅಂತ ಬೀಟಲ್ಸಿನ ರೆಕಾರ್ಡ್ ಕಂಪನಿ ಇಎಂಐ ಹೆದರಿ ತೆಗೆಸಿತು.

ಕೆಲವು ಕವರು ಹೇಗೆ ಕೇಳಬೇಕು ಅಂತಲೂ ಹೇಳುತ್ತವೆ. ಲೆಟ್ ಇಟ್ ಬ್ಲೀಡ್ ಜೋರಾಗಿ ಹಾಕಿ ಅನ್ನುತ್ತದೆ. ಡೇವಿಡ್ ಬೋವಿಯ 1972ರ ಜಿಗ್ಗಿ ಸ್ಟಾರ್‌ಡಸ್ಟ್ ವಾಲ್ಯೂಮ್ ಪೂರ್ತಿ ಇಡಿ ಅನ್ನುತ್ತದೆ. ಪಕ್ಕದ ಮನೆಯಲ್ಲಿ ಮಕ್ಕಳ ಪರೀಕ್ಷೆ ಇಲ್ಲದ ದಿನ ನೋಡಿಕೊಂಡು ಒಮ್ಮೆಯಾದರೂ ಹಾಗೇ ಕೇಳಿ.

ಕೊನೆಗೆ ರೆಕಾರ್ಡನ್ನೇ ಓದಿ. ಹಾಡು ಮುಗಿದ ಮೇಲೆ ಲೇಬಲ್ ತನಕ ಒಂದು ನುಣುಪಾದ ಪಟ್ಟಿ ಇರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ನಂಬರು ಕಾಣುತ್ತದೆ, ಕೆಲವು ಸಲ ಮಾತೂ ಇರುತ್ತದೆ. ಇಂಗ್ಲೆಂಡಿನ ಜಾರ್ಜ್ ಪೆಕಮ್ ಅನ್ನುವ ಕಟಿಂಗ್ ಎಂಜಿನಿಯರ್ (ಅಚ್ಚಿಗೆ ಬೇಕಾದ ಮೂಲ ತಟ್ಟೆ ಕೊರೆಯುವವರು) ತಾವು ಕೊರೆದ ರೆಕಾರ್ಡುಗಳಲ್ಲಿ ಪೋರ್ಕಿ ಪ್ರೈಮ್ ಕಟ್ ಅಂತ ಸಹಿ ಹಾಕುತ್ತಿದ್ದರು.

ಜೋಪಾನದ ವಿಷಯ ಬೇಗ ಹೇಳುತ್ತೇನೆ. ನಮ್ಮ ಕಡೆ ಧೂಳು ಜಾಸ್ತಿ, ಬೇಸಿಗೆಯೂ ಜೋರು. ಕವರುಗಳನ್ನು ಪುಸ್ತಕದ ಥರ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಶೀಟ್ ಮನೆಯ ಅಟ್ಟ ಬೇಡ, ರೆಕಾರ್ಡ್ ಬಾಗಿಹೋಗುತ್ತದೆ. ಹರಿದ ಅಂಚಿಗೆ ಸೆಲ್ಲೋ ಟೇಪ್ ಹಾಕಬೇಡಿ, ಕೆಲವು ವರ್ಷಕ್ಕೆ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಕ್ಯಾಸೆಟ್ ಚೀಟಿ ಮಡಿಕೆಯಲ್ಲಿ ಹರಿಯುತ್ತದೆ, ಒಂದು ಸಲ ನಿಧಾನಕ್ಕೆ ಬಿಡಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಫೋಟೋದಲ್ಲೇ ಓದಿ. ಮೂಲೆಯಲ್ಲಿ ಹಿಂದಿನ ಒಡೆಯರ ಹೆಸರು, ತಾರೀಕು, ಅಂಗಡಿಯ ಸೀಲು ಇದ್ದರೆ ಉಜ್ಜಿ ತೆಗೆಯಬೇಡಿ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ಎ ನೈಟ್ ಅಟ್ ದಿ ಒಪೆರಾ ಅನ್ನುತ್ತೇನೆ. ಹಾಡುಗಳು ಬೇಗ ಹಿಡಿಸುತ್ತವೆ, ಫೋನಿನಲ್ಲೂ ಸಿಗುತ್ತದೆ. ಅದಾದ ಮೇಲೆ ರಿವಾಲ್ವರ್ ಮತ್ತು ಸಾರ್ಜೆಂಟ್ ಪೆಪ್ಪರ್ ಜೊತೆಜೊತೆಗೆ, ತಬಲಾ ಹೆಸರು ಎಲ್ಲಿದೆ, ಎಲ್ಲಿಲ್ಲ ಅಂತ ನೋಡುತ್ತಾ. ಥಿಕ್ ಆಸ್ ಎ ಬ್ರಿಕ್ ಮಾತ್ರ ಪತ್ರಿಕೆ ಪೂರ್ತಿ ಇರುವ ಮುದ್ರಣ ಸಿಗುವ ತನಕ ಕಾಯಿರಿ.